ಸಿನಿಮಾದ ಹುಡುಗಿ ಅಳುವಾಗ

ಅವರೆಕಾಯಿ ಸೊಗಡು ಕೈಗೆ ಹತ್ತಿದರೆ ಈಗಲೂ ಯಲಹಂಕದ ಆ ಮಧ್ಯಾಹ್ನ ಕಣ್ಣ ಮುಂದೆ ತೇಲುತ್ತದೆ.

ಅಜ್ಜಿ, ಪಿಯುಸಿ ಓದುತ್ತಿದ್ದ ಅಕ್ಕ, ನಾನು ಟಿ.ವಿ. ಮುಂದೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಬೇಳೆ ನುಣುಪಾಗಿ ಜಾರಿ ಬೋಗುಣಿಗೆ ಬೀಳುತ್ತಿತ್ತು. ಸಿನಿಮಾದಲ್ಲಿ ಕಾಲೇಜು ಹುಡುಗಿಯೊಬ್ಬಳು ಪ್ರೀತಿ ಮುರಿದುಬಿತ್ತೆಂದು ಬಾಗಿಲು ಬಡಿದು, ಹಾಸಿಗೆಯ ಮೇಲೆ ಬಿದ್ದು ಗೋಳಾಡಿದಳು.

"ನಿಮ್ ಕಾಲೇಜ್ ಹುಡುಗೀರು ಹಿಂಗೇನಾ ಅಳೋದು?" ಅಜ್ಜಿ ಕೇಳಿದಳು.

"ಯಾರಜ್ಜಿ ಹಿಂಗೆ ಅಳ್ತಾರೆ," ಅಕ್ಕ ನಕ್ಕಳು.

ಅಷ್ಟರಲ್ಲಿ, ದಿನವೂ ನಮ್ಮ ಗೇಟಿನ ಬಳಿ ನಿಧಾನವಾಗುತ್ತಿದ್ದ ಬೈಕು ಸರ್ರನೆ ದಾಟಿಹೋಯಿತು. ಹಿಂದಿನ ಸೀಟಿನಿಂದ ಹುಡುಗಿಯೊಬ್ಬಳ ನಗು ಕೇಳಿಸಿತು. ಅಕ್ಕನ ಕೈ ನಿಲ್ಲಲಿಲ್ಲ. ಕಣ್ಣು ಮಾತ್ರ ತುಂಬಿತು.

"ಬೇಳೆ ನೀರು ಕಣ್ಣಿಗೆ ಹಾರ್ತು ಅಜ್ಜಿ."

"ಹಾರ್ತದೆ ಕಣವ್ವ," ಎಂದ ಅಜ್ಜಿ, ಅವಳ ಕಡೆ ನೋಡದೆ, ಟಿ.ವಿ. ಸದ್ದು ಹೆಚ್ಚಿಸಿದಳು.