ಸಾಕ್ಷಿ ಕಡ್ಡಿ

ಹೆಲಿಕಾಪ್ಟರಿನ ಬಾಲದ ರೆಕ್ಕೆಯನ್ನು ಹಿಡಿದಿಡುವ ಬ್ರಾಕೆಟ್ ಅದು. ಅಲ್ಯೂಮಿನಿಯಂ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಅಚ್ಚು ಮಾಡಿದ್ದರು. ಭಟ್ಟಿಯಲ್ಲಿ ಬೇಯದೆ ಅದಕ್ಕೆ ಗಟ್ಟಿತನ ಬಾರದು. ಬೆಂದ ಮೇಲೂ ಬ್ರಾಕೆಟ್ಟನ್ನೇ ಮುರಿದು ನೋಡುವಂತಿಲ್ಲವಲ್ಲ! ಅದಕ್ಕೇ ಅದೇ ಪುಡಿಯಲ್ಲಿ ಒಂದು ಕಡ್ಡಿಯನ್ನೂ ಅಚ್ಚು ಮಾಡಿ, ಜೊತೆಗೇ ಬೇಯಿಸಿ, ಎಳೆದು ಮುರಿಯುವುದು ಅಲ್ಲಿಯ ವಾಡಿಕೆ.

ಬೇಕಾದ್ದಕ್ಕಿಂತ ಹೆಚ್ಚೇ ಭಾರ ತಡೆದು ಕಡ್ಡಿ ಮುರಿಯಿತು. ಪಕ್ಕದಲ್ಲೇ ನಿಂತಿದ್ದ ಪೈಲಟ್, ಪರೀಕ್ಷೆ ನಡೆಸಿದ ಇಂಜಿನಿಯರ್ ಮಂದಾಕಿನಿಯತ್ತ ತಿರುಗಿದ.

"ನಂಬಿ ಹಾರಸಬಹುದೇನ್ರಿ, ಮೇಡಂ?"

"ಕಡ್ಡಿ ಏನ್ ಹೇಳತದೋ ಬ್ರಾಕೆಟ್ಟೂ ಅದನ್ನ ಹೇಳತದ," ಎಂದು ಅವಳು ರಿಪೋರ್ಟಿಗೆ ಸಹಿ ಹಾಕಿದಳು. ಕಪಾಟಿನಲ್ಲಿದ್ದ ಬ್ರಾಕೆಟ್ಟನ್ನು ತಾನೇ ತೆಗೆದುಕೊಟ್ಟಳು.

ಮರುದಿನ ಮಧ್ಯಾಹ್ನ ಹೆಲಿಕಾಪ್ಟರ್ ಶೆಡ್ಡಿನ ಮೇಲೆಯೇ ಹಾದುಹೋಯಿತು. ಕಿಟಕಿಯ ಗಾಜು ಗಡಗಡ ನಡುಗಿತು. ಒಳಗಿದ್ದ ಮಂದಾಕಿನಿ ತಲೆಯೆತ್ತಿ ನೋಡಿದಳು.

ಭಟ್ಟಿಯ ಫಕ್ಕೀರಪ್ಪ ಬಾಗಿಲಲ್ಲಿ ನಿಂತು, ಆ ಸದ್ದು ದೂರವಾಗುವವರೆಗೂ ಕಾದ.

"ಭಟ್ಟಿ ಈಗ ಖಾಲಿ ಆತ್ರಿ, ಮೇಡಂ. ನೀವು ರಿಪೋರ್ಟಿಗೆ ಅವಸರ ಮಾಡಿದ್ರಿ ಅಂತ ಮೊನ್ನೆ ಕಡ್ಡಿ ಒಂದನ್ನಷ್ಟೇ ಬೇಯಿಸಿ ಕೊಟ್ಟಿದ್ನಿ. ಆ ಬ್ರಾಕೆಟ್ ಎಲ್ಲೈತ್ರಿ?"