ಆರೂವರೆಯ ತುತ್ತೂರಿ

ಸಂಜೆ ಆರೂಕಾಲಿಗೆ ಹೇಜಲ್ ಇಬಟ್‌ಸನ್ ಒಲೆಯಿಂದ ಮಾಂಸ, ಆಲೂಗಡ್ಡೆ ತುಂಬಿದ ಬಿಸಿಬಿಸಿ ಪೈ ತೆಗೆದು, ಪಾತ್ರೆಯ ಸಮೇತ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಬಾಗಿಲು ತೆಗೆದ ವಿಲ್ಫ್ ಸ್ಟ್ಯಾನಿಫೋರ್ತ್ ಎಂಬತ್ತರ ಹತ್ತಿರದ ಮುದುಕ. ಇವತ್ತೇನು ವಿಶೇಷ ಎಂದು ಕೇಳಿದ. ವಿಶೇಷವೇನಿಲ್ಲ, ಒಂದು ಹೆಚ್ಚಾಗಿ ಮಾಡಿಬಿಟ್ಟೆ, ಆರುವ ಮುಂಚೆ ಕೂತು ತಿಂದುಬಿಡಿ ಎಂದಳು. ಆರುವ ಮುಂಚೆ ಎಂಬುದನ್ನು ಎರಡು ಸಲ ಒತ್ತಿ ಹೇಳಿದಳು. ಬಾಯ್ತುಂಬ ಪೈ ಇದ್ದವನು ತುತ್ತೂರಿ ಊದಲಾರ ಎಂಬುದೇ ಅವಳ ಉಪಾಯ.

ವಿಲ್ಫ್ ಊರಿನ ಬ್ಯಾಂಡಿನವನು. ನೀರಿನ ಕೊಡದಷ್ಟು ದಪ್ಪದ ಹಿತ್ತಾಳೆಯ ತುತ್ತೂರಿಯನ್ನು ತೊಡೆಯ ಮೇಲಿಟ್ಟುಕೊಂಡು ದಿನಾ ಆರೂವರೆಗೆ ಭೋಂ ಎಂದು ಶುರುಮಾಡಿದನೆಂದರೆ ಮುಕ್ಕಾಲು ಗಂಟೆ. ಇಪ್ಪತ್ತೆರಡು ವರ್ಷದಿಂದ ಒಂದು ದಿನ ತಪ್ಪಿದ್ದಿಲ್ಲ. ಶೆಫೀಲ್ಡಿನ ಈ ಬೀದಿಯ ಮನೆಗಳೆಲ್ಲ ವಿಕ್ಟೋರಿಯಾ ರಾಣಿಯ ಕಾಲದ ಸಾಲುಮನೆಗಳು. ಎರಡು ಮನೆಗಳ ನಡುವೆ ಒಂದೇ ಗೋಡೆ. ಇಂಥ ಮನೆಗಳಿಗೆ ಜನ ಮುಗಿಬೀಳುತ್ತಾರೆ. ಎದುರುಮನೆ ಮಾರಾಟಕ್ಕಿಟ್ಟ ನಾಲ್ಕೇ ದಿನದಲ್ಲಿ ಹೋಯಿತು. ಇವಳದಕ್ಕೆ ಎರಡು ತಿಂಗಳಾದರೂ ಗಿರಾಕಿಯಿಲ್ಲ. ಹಿಂದಿನ ವಾರ ಬಂದ ದಂಪತಿ ಬಣ್ಣದ ಗಾಜಿನ ಬಾಗಿಲಿಗೂ ಎತ್ತರದ ಚಾವಣಿಗೂ ಮರುಳಾಗಿ ಇನ್ನೇನು ಒಪ್ಪುವವರಿದ್ದರು. ಅಷ್ಟರಲ್ಲಿ ಗೋಡೆ ಭೋಂ ಎಂದಿತು. ಫೋನ್ ಮಾಡುತ್ತೇವೆ ಎಂದು ಹೋದವರು ಮಾಡಲೇ ಇಲ್ಲ.

ಮುದುಕನಿಗೆ ಒಂದು ಮಾತು ಹೇಳಬಾರದೇ ಎಂದರೆ, ಹೇಳುವ ಹಾಗಿರಲಿಲ್ಲ. ಮನೆ ಮಾರುವವರು ಒಂದು ಫಾರಂ ತುಂಬಬೇಕು. ನೆರೆಯವರ ಮೇಲೆ ಎಂದಾದರೂ ದೂರು ಹೇಳಿದ್ದುಂಟೇ ಎಂದು ಅದರಲ್ಲಿ ಕೇಳುತ್ತಾರೆ. ಉಂಟು ಎಂದು ಬರೆದರೆ ಕೊಳ್ಳುವವರು ಕಾಲ್ತೆಗೆಯುತ್ತಾರೆ, ಸುಳ್ಳು ಬರೆದರೆ ಕೋರ್ಟಿಗೆ ಎಳೆಯುತ್ತಾರೆ. ವಿಲ್ಫ್ ಬಂದ ಹೊಸದರಲ್ಲಿ, ಹೇಗೂ ಇನ್ನೆರಡು ವರ್ಷದಲ್ಲಿ ಮನೆ ಮಾರುವವರು ನಾವು, ಸುಮ್ಮನೆ ಯಾಕೆ ಎಂದು ಗಂಡಹೆಂಡತಿ ಬಾಯಿಗೆ ಬೀಗ ಹಾಕಿಕೊಂಡರು. ಆ ಎರಡು ವರ್ಷ ಇಪ್ಪತ್ತೆರಡಾಯಿತು. ಈಗ ಗಂಡ ಕ್ಲಿಫರ್ಡನ ಎರಡು ಮಂಡಿಯೂ ಹೋಗಿವೆ, ಬಚ್ಚಲು ಇರುವುದು ಮಹಡಿಯಲ್ಲಿ. ಅವನು ಕೂತುಕೊಂಡೇ ಒಂದೊಂದು ಮೆಟ್ಟಿಲು ತೆವಳಿ ಹತ್ತುವುದನ್ನು ನೋಡಲಾರದೆ ಹೇಜಲ್ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲುತ್ತಾಳೆ. ಮಗಳ ಬೀದಿಯಲ್ಲೇ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದರು. ಅದರ ಯಜಮಾನಿ ಶುಕ್ರವಾರದವರೆಗೆ ಮಾತ್ರ ಕಾಯುವೆನೆಂದಿದ್ದಳು. ಇವತ್ತು ಬುಧವಾರ.

ಪೈ ಕೊಟ್ಟು ಬಂದ ಬೆನ್ನಿಗೇ ಮನೆ ನೋಡಲು ಬಂದವಳು ಕರ್ಸ್ಟಿ ಎಂಬ ಹುಡುಗಿ, ಜೊತೆಗೆ ಗಂಡ, ಅವನ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಏಳು ತಿಂಗಳ ಕೂಸು. ಅವರು ಒಳಗೆ ಕಾಲಿಟ್ಟಾಗ ಕೂಸು ಹಿಡಿದ ಅಳುವನ್ನು ಮಹಡಿ ಹತ್ತಿ ಇಳಿದರೂ ಬಿಡಲಿಲ್ಲ. ಗಂಟೆ ಆರೂವರೆ ಆಯಿತು, ಆರೂಮುಕ್ಕಾಲಾಯಿತು. ಗೋಡೆ ತೆಪ್ಪಗಿತ್ತು. ಹೇಜಲ್ ಪೈಗೆ ಮನಸ್ಸಿನಲ್ಲೇ ಕೈಮುಗಿದಳು. ಆದರೆ ಕರ್ಸ್ಟಿ ಬಣ್ಣದ ಗಾಜಿನತ್ತ ತಿರುಗಿಯೂ ನೋಡದೆ ಬೆರಳಗಂಟಿನಿಂದ ಗೋಡೆಯನ್ನೇ ಕುಟ್ಟಿ ನೋಡುತ್ತಿದ್ದಳು.

"ಆಂಟಿ, ಈ ಗೋಡೆ ದಾಟಿ ಸದ್ದು ಕೇಳ್ಸುತ್ತಾ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. "ಹಳೇ ಗೋಡೆ ಕಣಮ್ಮ. ಕೇಳ್ಸುತ್ತೆ" ಎಂದಳು ಹೇಜಲ್.

ಗಂಡಹೆಂಡತಿ ಮುಖಮುಖ ನೋಡಿಕೊಂಡು, ಥ್ಯಾಂಕ್ಸ್ ಹೇಳಿ ಹೊರಬಿದ್ದರು. ಪರದೆಯ ಸಂದಿಯಿಂದ ಹೇಜಲ್ ನೋಡುತ್ತಲೇ ಇದ್ದಳು. ಅವರು ಕಾರಿನ ಕಡೆ ಹೋಗಲಿಲ್ಲ, ಸೀದಾ ವಿಲ್ಫ್‌ನ ಬಾಗಿಲು ತಟ್ಟಿದರು. ಮುದುಕ ಅವರನ್ನು ಒಳಗೆ ಕರೆದುಕೊಂಡ.

"ಇನ್ನೊಂದು ಪೈ ಇದ್ಯೇನೇ?" ಎಂದ ಕ್ಲಿಫರ್ಡ್ ಕುರ್ಚಿಯಿಂದ.

ಗೋಡೆಯಾಚೆ ಕೂಸಿನ ಅಳು, ಏನೋ ಮಾತು, ಒಂದು ನಗು. ಆಮೇಲೆ ಎದ್ದಿತು ಭೋಂ ಎಂಬ ಸದ್ದು, ಎಂದಿಗಿಂತ ಜೋರಾಗಿ. ಅಳು ಟಕ್ಕನೆ ನಿಂತಿತು. ಕೂಸು ಹೆದರಿತೆಂದೇ ಹೇಜಲ್ ಎಣಿಸಿದಳು. ಎಲ್ಲ ಮುಗಿಯಿತು ಎಂದು ಅದೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಪ್ಪತ್ತೆರಡು ವರ್ಷ ನುಂಗಿದ್ದ ಮಾತುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಮನೆ ಏಜೆಂಟನ ಫೋನ್. ಕೇಳಿದಷ್ಟೂ ಕೊಡುತ್ತಾರೆ, ಚೌಕಾಸಿ ಇಲ್ಲ, ಬೇಗ ಆದಷ್ಟೂ ಒಳ್ಳೆಯದಂತೆ. ಈಗಿರುವ ಮನೆಯಲ್ಲಿ ಕೂಸಿನ ಅಳುವಿಗೆ ಕೆಳಗಿನ ಮನೆಯವನು ಮೂರು ದೂರಿನ ಕಾಗದ ಬರೆದಿದ್ದಾನಂತೆ. ಕರ್ಸ್ಟಿ ನಾಲ್ಕು ತಿಂಗಳಿಂದ ಹುಡುಕುತ್ತಿದ್ದದ್ದು ಸದ್ದಿಗೆ ಸಿಡುಕದ ನೆರೆಯವರನ್ನಂತೆ. ದಿನಾ ಇಷ್ಟು ಗದ್ದಲ ಎಬ್ಬಿಸುವವನು ಕೂಸಿಗೆ ಏನು ತಾನೇ ಅನ್ನುತ್ತಾನೆ? ತುತ್ತೂರಿ ಕೇಳಿದ ಕೂಸು ಅಲ್ಲೇ ನಿದ್ದೆ ಹೋಯಿತು ಬೇರೆ. ಹೇಜಲ್‌ಗೆ ಫೋನ್ ಇಡುವುದೂ ಮರೆತುಹೋಗಿ ಅಳು ಬಂತು. ಎದೆಯ ಮೇಲಿನ ಕಲ್ಲು ಇಳಿದ ಅಳು. ಯಾರಿಗೇನಾಯಿತೇ ಎಂದು ಗಾಬರಿಬಿದ್ದ ಕ್ಲಿಫರ್ಡನ ಎರಡು ಮಂಡಿಯನ್ನೂ ಸವರಿ, "ಇನ್ನು ಮೆಟ್ಟಿಲಿಲ್ಲ ಕಣೋ" ಎಂದಳು.

ಮಧ್ಯಾಹ್ನ ವಿಲ್ಫ್ ಪಾತ್ರೆ ತೊಳೆದು ತಂದುಕೊಟ್ಟ. ಹೇಜಲ್ ಅವನ ಕೈ ಹಿಡಿದು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಳು. ಮನಸ್ಸಿಟ್ಟೇ ಹೇಳಿದಳು.

"ನಾನೇನು ಮಾಡಿದೆ, ಇದ್ದದ್ದು ಹೇಳ್ದೆ" ಎಂದ ಮುದುಕ. "ನಾನಿಲ್ಲಿಗೆ ಬಂದ ಮೊದಲನೇ ವಾರವೇ ಆ ಕಡೆ ಪಕ್ಕದ ಮನೆಯವರು ಬಂದು, ಸದ್ದು ಜಾಸ್ತಿಯಾಯ್ತು ಅಂದ್ರು. ಪಾಪ, ಅವರು ಹೇಳಿದ್ದೂ ಸರೀನೇ. ನೀವು ಮಾತ್ರ ಒಂದು ದಿನವೂ ಏನೂ ಅನ್ಲಿಲ್ಲ. ಅದಕ್ಕೇ ಊದೋಕೆ ಕೂರೋ ಕುರ್ಚಿ ಎತ್ಕೊಂಡು ಬಂದು ನಿಮ್ಮ ಗೋಡೆಗೆ ಹಾಕ್ಕೊಂಡೆ."