ಅತ್ತೆಯ ಹದಿನೈದು ನಿಮಿಷ

ಯುದ್ಧದ ದೃಶ್ಯಗಳನ್ನು ಕತ್ತರಿಸದೆ ತೋರಿಸುವ ಕಾಯ್ದೆ ಬಂದು ಮೂರು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಮನೆಗೊಬ್ಬರು ಹದಿನೈದು ನಿಮಿಷ ಟಿವಿಯ ಮುಂದೆ ಕೂರಲೇಬೇಕು. ಕಣ್ಣು ತೆರೆದಿವೆಯೇ ಎಂದು ಟಿವಿಯೇ ಪರೀಕ್ಷಿಸುತ್ತದೆ. ಕಾಣುತ್ತವೆಯೇ ಎಂದು ಮಾತ್ರ ಕೇಳುವುದಿಲ್ಲ.

ಹಾಗಾಗಿ ನಾವು ಅತ್ತೆಯನ್ನು ಕೂರಿಸುತ್ತೇವೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡೋಣವೆಂದು ಡಾಕ್ಟರು ಎರಡು ಸಲ ಹೇಳಿದರು. ಬೇಸಿಗೆ ಕಳೆಯಲಿ ಎಂದವಳು ನಾನೇ.

ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿರುತ್ತೇನೆ. ಬಡಿಯುವ ಸದ್ದಿನಲ್ಲಿ ಟಿವಿ ಕೇಳಿಸುವುದಿಲ್ಲ.

ಈ ವಾರ ನಾನು ಹೊರಗೆ ಬಂದಾಗ ಟಿವಿ ಆರಿತ್ತು. ಅತ್ತೆ ಅಲ್ಲೇ ಕೂತಿದ್ದರು.

"ಮುಗೀತಲ್ರಿ ಅತ್ತಿ, ಏಳ್ರಿ."

"ಟಿವ್ಯಾಗ ಬರೋ ಆ ಆಸ್ಪತ್ರ್ಯಾಗ ಒಂದು ಹುಡುಗಿ ಇತ್ತು ಸುವರ್ಣಾ. ನಾಕು ವಾರದಿಂದ ಅವ್ವನ್ನ ಕರೀತಿತ್ತು. ಅವರ ಭಾಷಾ ತಿಳಿಯಂಗಿಲ್ಲ, ಆದ್ರ ಅದು ತಿಳೀತದ. ಇವತ್ತು ಅದರ ದನಿ ಬರಲಿಲ್ಲ."

ನಾನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ.

"ಮುಂದಿನ ವಾರ ನೀ ಕುಂದ್ರವಾ. ಅಕಿ ಅದಾಳೇನು, ನೋಡಿ ಹೇಳು. ನಿನಗ ಕಣ್ಣು ಕಾಣತಾವಲ್ಲ."

ಮನೆಗೆ ಸಾಕಾಗುವಷ್ಟು ರೊಟ್ಟಿ ಆಗಿತ್ತು. ಆದರೂ ನಾನು ಒಳಗೆ ಹೋಗಿ ಮತ್ತೆ ಹಿಟ್ಟು ಕಲಸಿ, ಜೋರಾಗಿ ಬಡಿಯತೊಡಗಿದೆ.